ವೈಜ್ಞಾನಿಕ ಪ್ರಬಂಧದ ಅಂಗರಚನೆ: ಒಂದು ಐತಿಹಾಸಿಕ ಅವಲೋಕನ

ನಮ್ಮ ಗಡಿನಾಡಿನ ಶಾಲೆಗಳಲ್ಲಿ ಮಳೆಯ ಲೆಕ್ಕವನ್ನು ವರ್ಷವರ್ಷವೂ ತಪ್ಪದೆ ಬರೆದಿಡುವ ಶಿಕ್ಷಕರಿದ್ದಾರೆ. ಊರಿನ ಗಿಡಮೂಲಿಕೆಗಳಿಗೆ ಕನ್ನಡದಲ್ಲಿ, ತುಳುವಿನಲ್ಲಿ, ಮಲಯಾಳದಲ್ಲಿ ಇರುವ ಹೆಸರುಗಳನ್ನು ಕೂಡಿಹಾಕಿದವರಿದ್ದಾರೆ. ಬೇಸಗೆಯಲ್ಲಿ ಬಾವಿಯ ನೀರು ಎಷ್ಟು ಕೋಲು ಇಳಿಯಿತೆಂಬುದನ್ನು ಗುರುತುಮಾಡಿಕೊಂಡವರೂ ಉಂಟು. ಈ ಶ್ರಮದ ಬಹುಭಾಗ ನೋಟುಪುಸ್ತಕಗಳಲ್ಲಿಯೇ ಉಳಿದು, ಬರೆದವರ ನಿವೃತ್ತಿಯೊಡನೆ ಅಟ್ಟ ಸೇರಿ ಗೆದ್ದಲಿಗೆ ಆಹಾರವಾಗುತ್ತದೆ. ಕೆಲವರು ಧೈರ್ಯಮಾಡಿ ಯಾವುದಾದರೊಂದು ಶಾಸ್ತ್ರೀಯ ಪತ್ರಿಕೆಗೆ ಕಳುಹಿಸುತ್ತಾರೆ. ಪತ್ರಿಕೆಯ ಕ್ರಮಕ್ಕೆ ಅನುಗುಣವಾಗಿಲ್ಲವೆಂಬ ಒಂದು ಸಾಲಿನ ಉತ್ತರದೊಡನೆ ಅದು ಮರಳಿ ಬರುತ್ತದೆ. ಆಗ ಮನಸ್ಸು ನೊಂದು, ಇದೆಲ್ಲ ವಿಶ್ವವಿದ್ಯಾಲಯದವರ ಆಟ, ಹಳ್ಳಿಯ ಮಾಸ್ತರರಿಗೆ ಹೇಳಿಸಿದ್ದಲ್ಲ ಎಂದು ಸುಮ್ಮನಾಗುವುದು ಸಹಜ.

ಈ ‘ಕ್ರಮ’ವೆಂಬುದು ಏನು? ಸಾರಾಂಶ, ಪೀಠಿಕೆ, ವಿಧಾನ, ಫಲಿತಾಂಶ, ಚರ್ಚೆ, ಆಧಾರಸೂಚಿ ಎಂದು ಪ್ರಬಂಧವನ್ನು ಕತ್ತರಿಸಿ ಜೋಡಿಸಬೇಕೆಂಬ ಹಟ ಎಲ್ಲಿಂದ ಬಂತು? ಇದು ಕೇವಲ ಪಂಡಿತರ ಮಡಿವಂತಿಕೆಯೆ? ಅಥವಾ ಇದರಲ್ಲಿ ಏನಾದರೂ ತಿರುಳಿದೆಯೆ? ಪ್ರಕೃತ ಲೇಖನದಲ್ಲಿ ಈ ಪ್ರಶ್ನೆಗಳಿಗೆ ಚರಿತ್ರೆಯಿಂದ ಉತ್ತರ ಹುಡುಕಲು ನಾವು ಪ್ರಯತ್ನಿಸಿದ್ದೇವೆ. ನಾವು ತಲಪಿದ ನಿರ್ಣಯವನ್ನು ಮೊದಲೇ ಹೇಳಿಬಿಡುತ್ತೇವೆ. ಪ್ರಬಂಧದ ಒಂದೊಂದು ಅಂಗವೂ ಒಂದೊಂದು ಜಗಳದಿಂದಲೋ ನಷ್ಟದಿಂದಲೋ ಹುಟ್ಟಿದ್ದು. ಪರಸ್ಪರ ಮುಖಪರಿಚಯವಿಲ್ಲದ ಇಬ್ಬರು ಒಬ್ಬರ ಮಾತನ್ನೊಬ್ಬರು ನಂಬುವುದಕ್ಕಾಗಿ ಮಾಡಿಕೊಂಡ ಏರ್ಪಾಡು ಅದು. ಪದವಿ, ಅಧಿಕಾರ, ರಾಜಧಾನಿಯ ಸಾಮೀಪ್ಯ ಇವು ಯಾವುವೂ ಇಲ್ಲದವನಿಗೆ ಈ ಕ್ರಮವೇ ದೊಡ್ಡ ಆಸರೆ.

ಶಾಸ್ತ್ರಕ್ಕೆ ಅಂಗಗಳಿರಬೇಕೆಂಬ ತಿಳಿವಳಿಕೆ ನಮ್ಮ ದೇಶಕ್ಕೆ ಹೊಸತಲ್ಲ. ಕೌಟಿಲ್ಯನ ಅರ್ಥಶಾಸ್ತ್ರದ ಕೊನೆಯ ಅಧಿಕರಣವು ಶಾಸ್ತ್ರರಚನೆಯ ೩೨ ತಂತ್ರಯುಕ್ತಿಗಳನ್ನು ವಿವರಿಸುತ್ತದೆ. ನೈಯಾಯಿಕರು ವಾದಕ್ಕೆ ಪ್ರತಿಜ್ಞೆ, ಹೇತು, ಉದಾಹರಣೆ, ಉಪನಯ, ನಿಗಮನ ಎಂಬ ಐದು ಅವಯವಗಳನ್ನು ಹೇಳಿದರು. ಆದರೆ ಇಂದು ಪತ್ರಿಕೆಗಳು ಕೇಳುವ ವೈಜ್ಞಾನಿಕ ಪ್ರಬಂಧದ ರೂಪವು ಯೂರೋಪಿನಲ್ಲಿ ಮುನ್ನೂರೈವತ್ತಕ್ಕೂ ಹೆಚ್ಚು ವರ್ಷಗಳಿಂದ ಬೆಳೆದುಬಂದದ್ದು. ಆದುದರಿಂದ ಅಲ್ಲಿಂದಲೇ ಪ್ರಾರಂಭಿಸೋಣ.

೧. ಒಗಟಿನ ಕಾಲ

ಪತ್ರಿಕೆಗಳು ಹುಟ್ಟುವುದಕ್ಕೆ ಮುನ್ನ ಹೊಸತನ್ನು ಕಂಡವರು ಅದನ್ನು ಹೇಳಲೂ ಅಂಜುತ್ತಿದ್ದರು, ಹೇಳದಿರಲೂ ಅಂಜುತ್ತಿದ್ದರು. ಹೇಳಿದರೆ ಮತ್ತೊಬ್ಬನು ತನ್ನದೆನ್ನುತ್ತಾನೆ. ಹೇಳದಿದ್ದರೆ ಮತ್ತೊಬ್ಬನೇ ಮೊದಲು ಕಂಡನೆಂದಾಗುತ್ತದೆ. ಈ ಇಕ್ಕಟ್ಟಿಗೆ ಅವರು ಹುಡುಕಿದ ಉಪಾಯ ವಿಚಿತ್ರವಾದುದು. ೧೬೧೦ರಲ್ಲಿ ಗೆಲಿಲಿಯೊ ತನ್ನ ದೂರದರ್ಶಕದಿಂದ ಶನಿಗ್ರಹವನ್ನು ನೋಡಿ, ಅದು ಮೂರು ಕಾಯಗಳು ಕೂಡಿದಂತೆ ಕಾಣುತ್ತದೆಂಬ ಸಂಗತಿಯನ್ನು ಒಂದು ಲ್ಯಾಟಿನ್ ವಾಕ್ಯದಲ್ಲಿ ಬರೆದು, ಅದರ ಅಕ್ಷರಗಳನ್ನೆಲ್ಲ ಕಲಸಿ, ಅರ್ಥವಾಗದ ಒಂದು ಸಾಲನ್ನಾಗಿ ಮಾಡಿ ಕಳುಹಿಸಿದನು. ಕೆಪ್ಲರನು ಅದನ್ನು ಬಿಡಿಸಹೊರಟು, ಮಂಗಳನಿಗೆ ಎರಡು ಉಪಗ್ರಹಗಳಿವೆಯೆಂದು ಅರ್ಥಮಾಡಿಕೊಂಡನು. ರಾಬರ್ಟ್ ಹುಕ್ ಎಂಬ ಇಂಗ್ಲಿಷ್ ವಿಜ್ಞಾನಿ ಸ್ಪ್ರಿಂಗಿನ ನಿಯಮವನ್ನು ೧೬೭೬ರಲ್ಲಿ ಹೀಗೆಯೇ ಅಕ್ಷರಗಳ ಮೂಟೆಯಾಗಿ ಅಚ್ಚುಮಾಡಿಸಿ, ಅದರ ಗಂಟನ್ನು ೧೬೭೮ರಲ್ಲಿ ಬಿಚ್ಚಿದನು.

ನಮ್ಮ ದಾಸರ ಮುಂಡಿಗೆಗಳಿಗೆ ಒಳಗೊಂದು ತತ್ತ್ವವಿರುತ್ತದೆ, ಬಿಡಿಸಿದವನಿಗೆ ಜ್ಞಾನಲಾಭ. ಈ ಪಂಡಿತರ ಒಗಟಿನ ಉದ್ದೇಶ ಬೇರೆ. ಅದು ಹಕ್ಕನ್ನು ಕಾಯುತ್ತಿತ್ತು, ಜ್ಞಾನವನ್ನು ಮುಚ್ಚಿಡುತ್ತಿತ್ತು. ಹಕ್ಕೂ ಉಳಿಯಬೇಕು, ಜ್ಞಾನವೂ ಹರಡಬೇಕು ಎಂದರೆ ಮೂರನೆಯದೊಂದು ವ್ಯವಸ್ಥೆ ಬೇಕಾಗಿತ್ತು.

೨. ತಾರೀಖು ಮತ್ತು ಸಾಕ್ಷಿ

ಆ ವ್ಯವಸ್ಥೆ ೧೬೬೫ರಲ್ಲಿ ಬಂತು. ಜನವರಿ ೫ರಂದು ಪ್ಯಾರಿಸಿನಲ್ಲಿ ಡೆನಿ ದ ಸಾಲೊ ಎಂಬಾತನು ವಿದ್ವಾಂಸರ ಪತ್ರಿಕೆಯೊಂದನ್ನು ಹೊರಡಿಸಿದನು. ಮಾರ್ಚ್ ೬ರಂದು ಲಂಡನ್ನಿನಲ್ಲಿ ರಾಯಲ್ ಸೊಸೈಟಿಯ ಕಾರ್ಯದರ್ಶಿ ಹೆನ್ರಿ ಓಲ್ಡನ್‌ಬರ್ಗ್ ‘ಫಿಲಸಾಫಿಕಲ್ ಟ್ರಾನ್ಸಾಕ್ಷನ್ಸ್’ ಎಂಬ ಪತ್ರಿಕೆಯ ಮೊದಲ ಸಂಚಿಕೆಯನ್ನು ತಂದನು. ಹದಿನಾರೇ ಪುಟಗಳ ಈ ಸಂಚಿಕೆಯ ವಂಶ ಇಂದಿಗೂ ನಿಂತಿಲ್ಲ. ಓಲ್ಡನ್‌ಬರ್ಗ್ ಜರ್ಮನಿಯ ಬ್ರೆಮೆನ್ ಪಟ್ಟಣದವನು, ಬಹುಭಾಷಾಜ್ಞ. ಯೂರೋಪಿನ ಮೂಲೆಮೂಲೆಗಳ ವಿದ್ವಾಂಸರೊಡನೆ ಅವನಿಗೆ ಪತ್ರವ್ಯವಹಾರವಿತ್ತು. ಈ ಪತ್ರವ್ಯವಹಾರದ ಕಾರಣದಿಂದಲೇ ಯುದ್ಧಕಾಲದಲ್ಲಿ ಅನುಮಾನಕ್ಕೆ ಗುರಿಯಾಗಿ ೧೬೬೭ರಲ್ಲಿ ಲಂಡನ್ ಗೋಪುರದ ಸೆರೆಯನ್ನೂ ಕಂಡನು. ಬಿಡುಗಡೆಯಾದ ಮೇಲೆ ಮತ್ತೆ ಅದೇ ಕೆಲಸವನ್ನು ಹಿಡಿದನು.

ಪತ್ರಿಕೆ ಮಾಡಿದ ಮುಖ್ಯ ಉಪಕಾರವೆಂದರೆ ತಾರೀಖನ್ನು ಊರ್ಜಿತಗೊಳಿಸಿದ್ದು. ಯಾರು, ಯಾವುದನ್ನು, ಯಾವ ದಿನ ತಿಳಿಸಿದರೆಂಬುದು ಅಚ್ಚಿನಲ್ಲಿ ಎಲ್ಲರ ಕಣ್ಣೆದುರು ನಿಂತಿತು. ಇನ್ನು ಒಗಟಿನ ಅಗತ್ಯವಿಲ್ಲ. ಇಂದು ಪ್ರಬಂಧದ ತಲೆಯಲ್ಲಿಯೋ ಬುಡದಲ್ಲಿಯೋ ‘ತಲಪಿದ ದಿನ, ಒಪ್ಪಿಗೆಯಾದ ದಿನ’ ಎಂದು ಸಣ್ಣ ಅಕ್ಷರಗಳಲ್ಲಿ ಕಾಣುವ ಸಾಲು ಈ ಏರ್ಪಾಡಿನ ಸಂತಾನ.

ಪ್ರಬಂಧದ ಎರಡನೆಯ ಬೇರನ್ನು ಹಾಲೆಂಡಿನ ಡೆಲ್ಫ್ಟ್ ಪಟ್ಟಣದಲ್ಲಿ ಕಾಣಬೇಕು. ಅಲ್ಲಿ ಆಂಟನಿ ವಾನ್ ಲೇವನ್‌ಹುಕ್ ಎಂಬ ಜವಳಿ ವ್ಯಾಪಾರಿಯಿದ್ದನು. ವಿದ್ವಾಂಸರ ಭಾಷೆಯಾದ ಲ್ಯಾಟಿನ್ ಅವನಿಗೆ ಬಾರದು. ತನ್ನ ಊರಿನ ಡಚ್ ಭಾಷೆಯೊಂದೇ ಗತಿ. ತಾನೇ ಉಜ್ಜಿದ ಮಸೂರಗಳ ಮೂಲಕ ಕಂಡುದನ್ನು ಆತನು ೧೬೭೩ರಿಂದ ಲಂಡನ್ನಿಗೆ ಬರೆಯತೊಡಗಿದನು. ೧೬೭೬ರ ಅಕ್ಟೋಬರ್ ೯ರ ಪತ್ರದಲ್ಲಿ, ಮೆಣಸು ನೆನೆಹಾಕಿದ ನೀರಿನಲ್ಲಿ ಕಣ್ಣಿಗೆ ಕಾಣದ ಜೀವಿಗಳು ಅಸಂಖ್ಯವಾಗಿ ಓಡಾಡುವುದನ್ನು ವರ್ಣಿಸಿದನು. ಓಲ್ಡನ್‌ಬರ್ಗ್ ಅದನ್ನು ಇಂಗ್ಲಿಷಿಗೆ ತಿರುಗಿಸಿ ೧೬೭೭ರಲ್ಲಿ ಅಚ್ಚುಹಾಕಿದನು. ಆದರೆ ನಂಬುವವರು ಯಾರು? ಲೇವನ್‌ಹುಕ್ ಊರಿನ ಪಾದ್ರಿಗಳನ್ನೂ ಇತರ ಗಣ್ಯರನ್ನೂ ಕರೆದು ಮಸೂರದಲ್ಲಿ ತೋರಿಸಿ, ಎಂಟು ಮಂದಿಯ ಸಾಕ್ಷಿಪತ್ರಗಳನ್ನು ಬರೆಯಿಸಿ ಲಂಡನ್ನಿಗೆ ಕಳುಹಿಸಿದನು. ಆದರೂ ಸಂಶಯವನ್ನು ಪೂರ್ತಿಯಾಗಿ ಕಳೆದುದು ಸಾಕ್ಷಿಪತ್ರವಲ್ಲ. ೧೬೭೭ರ ನವೆಂಬರಿನಲ್ಲಿ ರಾಬರ್ಟ್ ಹುಕ್ ಅದೇ ಪ್ರಯೋಗವನ್ನು ತಾನೇ ಮಾಡಿ, ಸೊಸೈಟಿಯ ಸದಸ್ಯರಿಗೆ ಅದೇ ಜೀವಿಗಳನ್ನು ತೋರಿಸಿದ್ದು. ೧೬೮೦ರಲ್ಲಿ ಸೊಸೈಟಿಯು ಈ ಜವಳಿ ವ್ಯಾಪಾರಿಯನ್ನು ತನ್ನ ಸದಸ್ಯನನ್ನಾಗಿ ಆರಿಸಿತು.

ಇಲ್ಲಿ ಎರಡು ಪಾಠಗಳಿವೆ. ಎಂಟು ಜನ ಗೌರವಸ್ಥರ ಸಹಿಗಿಂತ, ಮತ್ತೊಬ್ಬನು ಮತ್ತೊಂದು ಊರಿನಲ್ಲಿ ಅದನ್ನೇ ಮಾಡಿ ಅದನ್ನೇ ಕಾಣುವುದು ಹೆಚ್ಚಿನ ಪ್ರಮಾಣ. ಹಾಗೆ ಮಾಡಬೇಕಾದರೆ ಮಾಡುವ ವಿಧಾನವನ್ನು ಬರೆದಿರಬೇಕು. ಪ್ರಬಂಧದ ‘ವಿಧಾನ’ವೆಂಬ ಅಂಗದ ತಾತ್ಪರ್ಯ ಇಷ್ಟೇ. ಎರಡನೆಯ ಪಾಠ ಸ್ವಲ್ಪ ಕಹಿಯಾದುದು. ಲೇವನ್‌ಹುಕ್ ಕಂಡುದನ್ನೆಲ್ಲ ಹೇಳಿದನೇ ಹೊರತು ತನ್ನ ಅತ್ಯುತ್ತಮ ಮಸೂರಗಳ ಗುಟ್ಟನ್ನು ಯಾರಿಗೂ ಬಿಟ್ಟುಕೊಡಲಿಲ್ಲ. ೧೭೨೩ರಲ್ಲಿ ಅವನು ತೀರಿಕೊಂಡಾಗ ಆ ಕೈಚಳಕವೂ ಅವನೊಡನೆ ಹೋಯಿತು. ಫಲವನ್ನು ಮಾತ್ರ ಹೇಳಿ ವಿಧಾನವನ್ನು ಬಚ್ಚಿಟ್ಟುಕೊಂಡರೆ ಅರ್ಧ ದಾನಮಾಡಿದಂತೆ.

೩. ಒಬ್ಬ ಶಾಲಾಶಿಕ್ಷಕರ ಪ್ರಬಂಧ

ಮುಂದಿನ ಉದಾಹರಣೆ ನಮ್ಮ ವೃತ್ತಿಬಾಂಧವರದು. ಆಸ್ಟ್ರಿಯಾ ಸಾಮ್ರಾಜ್ಯದ ಮೊರೇವಿಯ ಪ್ರಾಂತದಲ್ಲಿ ಬ್ರೂನ್ ಎಂಬ ಪಟ್ಟಣ. ಇಂದು ಅದು ಚೆಕ್ ಗಣರಾಜ್ಯದ ಬ್ರ್ನೊ. ಜರ್ಮನ್ ಆಡುವವರೂ ಚೆಕ್ ಆಡುವವರೂ ಒಟ್ಟಿಗೆ ಬಾಳಿದ ಊರು. ನಮ್ಮಂಥ ಎರಡು ಭಾಷೆಯ ಸೀಮೆಯೆನ್ನಬಹುದು. ಅಲ್ಲಿಯ ಮಠದ ಸನ್ಯಾಸಿ ಗ್ರೆಗೋರ್ ಮೆಂಡಲ್ ೧೮೫೪ರಿಂದ ೧೮೬೮ರವರೆಗೆ ಪಟ್ಟಣದ ಶಾಲೆಯಲ್ಲಿ ಭೌತವಿಜ್ಞಾನವನ್ನೂ ಪ್ರಕೃತಿವಿಜ್ಞಾನವನ್ನೂ ಕಲಿಸಿದರು. ಶಿಕ್ಷಕರ ಅರ್ಹತಾಪರೀಕ್ಷೆಯಲ್ಲಿ ಎರಡು ಬಾರಿ ಕುಳಿತರೂ ತೇರ್ಗಡೆಯಾಗದೆ, ಕೊನೆಯವರೆಗೂ ಬದಲಿ ಶಿಕ್ಷಕರಾಗಿಯೇ ಉಳಿದರು. ಮಠದ ಹಿತ್ತಿಲಿನಲ್ಲಿ ಬಟಾಣಿ ಬೆಳೆಸಿ ೧೮೫೬ರಿಂದ ಸುಮಾರು ಎಂಟು ವರ್ಷ ಪ್ರಯೋಗ ಮಾಡಿದರು. ೧೮೬೫ರ ಫೆಬ್ರವರಿ ೮ ಮತ್ತು ಮಾರ್ಚ್ ೮ರಂದು ಊರಿನ ಪ್ರಕೃತಿವಿಜ್ಞಾನ ಸಂಘದಲ್ಲಿ ಎರಡು ಉಪನ್ಯಾಸಗಳನ್ನಿತ್ತರು. ೧೮೬೬ರಲ್ಲಿ ಸಂಘದ ವಾರ್ಷಿಕ ಸಂಪುಟದಲ್ಲಿ ಅದು ಅಚ್ಚಾಯಿತು. ನಾವು ಈಗ ಓದುತ್ತಿರುವಂಥ ಸಂಚಿಕೆಗಿಂತ ಅದು ಬಹಳ ಭಿನ್ನವಾದುದೇನಲ್ಲ.

ಆ ಪ್ರಬಂಧದ ಅಂಗರಚನೆಯನ್ನು ನೋಡಬೇಕು. ಮೊದಲು ಪೀಠಿಕೆ: ಇದುವರೆಗೆ ಯಾರು ಏನು ಮಾಡಿದ್ದಾರೆ, ಯಾವುದು ಉಳಿದಿದೆ ಎಂಬುದು. ಅನಂತರ ಪ್ರಯೋಗಕ್ಕೆ ಈ ಗಿಡವನ್ನೇ ಏಕೆ ಆರಿಸಿಕೊಂಡರೆಂಬ ವಿವರಣೆ. ೩೪ ತಳಿಗಳನ್ನು ತರಿಸಿ, ಎರಡು ವರ್ಷ ಬೆಳೆಸಿ ಪರೀಕ್ಷಿಸಿ, ೨೨ನ್ನು ಉಳಿಸಿಕೊಂಡುದನ್ನು ಹೇಳುತ್ತಾರೆ. ಮುಂದೆ ಪ್ರಯೋಗಗಳ ವಿಭಾಗ ಮತ್ತು ಕ್ರಮ. ಆಮೇಲೆ ತಲೆಮಾರು ತಲೆಮಾರಾಗಿ ಫಲಗಳು. ಕೊನೆಗೆ ಉಪಸಂಹಾರ. ಗುಂಡುಬೀಜವೇ ಹೆಚ್ಚು ಬಂತೆಂದು ಬರೆದು ಅವರು ಕೈತೊಳೆದುಕೊಳ್ಳಲಿಲ್ಲ. ಒಟ್ಟು ೭೩೨೪ ಬೀಜಗಳು; ಅವುಗಳಲ್ಲಿ ಗುಂಡಾದುವು ೫೪೭೪, ಸುಕ್ಕಾದುವು ೧೮೫೦. ಮತ್ತೊಂದು ಪ್ರಯೋಗದಲ್ಲಿ ೮೦೨೩ ಬೀಜಗಳು. ಹಳದಿ ೬೦೨೨, ಹಸಿರು ೨೦೦೧. ಎಣಿಸಿದ ಅಂಕಿಯನ್ನೇ ಕೊಟ್ಟು, ಅದರಿಂದ ಮೂರಕ್ಕೆ ಒಂದೆಂಬ ಪ್ರಮಾಣ ಹೊರಡುವುದನ್ನು ತೋರಿಸಿದರು.

ಮೆಂಡಲ್ ೪೦ ಪ್ರತ್ಯೇಕ ಪ್ರತಿಗಳನ್ನು ಅಚ್ಚುಹಾಕಿಸಿ ಕೆಲವರಿಗೆ ಕಳುಹಿಸಿದರು. ಸಸ್ಯವಿಜ್ಞಾನಿ ನೇಗಲಿಯೊಡನೆ ಪತ್ರವ್ಯವಹಾರವೂ ನಡೆಯಿತು. ಆದರೆ ಆ ದೊಡ್ಡ ವಿದ್ವಾಂಸನಿಗೂ ಅದರ ಮಹತ್ತ್ವ ಹೊಳೆಯಲಿಲ್ಲ. ಪ್ರಬಂಧದ ಶೀರ್ಷಿಕೆಯಲ್ಲಿ ಸಸ್ಯಸಂಕರವೆಂಬ ಮಾತಿತ್ತೇ ಹೊರತು ಅನುವಂಶೀಯತೆಯೆಂಬ ಮಾತಿರಲಿಲ್ಲ. ೧೮೮೪ರಲ್ಲಿ ಮೆಂಡಲ್ ತೀರಿಕೊಂಡರು. ೧೯೦೦ರಲ್ಲಿ ಡ ವ್ರೀಸ್, ಕೊರೆನ್ಸ್, ಚೆರ್ಮಾಕ್ ಎಂಬ ಮೂವರು ಅದೇ ವಿಷಯದಲ್ಲಿ ಕೆಲಸಮಾಡುತ್ತ ಬಂದು ಈ ಹಳೆಯ ಸಂಪುಟವನ್ನು ತೆರೆದರು. ಮೂವತ್ತನಾಲ್ಕು ವರ್ಷಗಳ ಧೂಳನ್ನು ಕೊಡವಿದರೆ ಒಳಗಿನದೆಲ್ಲ ಸ್ವಚ್ಛವಾಗಿತ್ತು. ವಿಧಾನವಿತ್ತು, ಅಂಕಿಗಳಿದ್ದುವು, ಯಾರು ಬೇಕಾದರೂ ಮತ್ತೆ ಮಾಡಿನೋಡಬಹುದಾಗಿತ್ತು. ೧೯೩೬ರಲ್ಲಿ ಸಂಖ್ಯಾಶಾಸ್ತ್ರಜ್ಞ ಫಿಷರ್ ಆ ಅಂಕಿಗಳನ್ನೇ ತೂಗಿನೋಡಿ, ಅವು ನಿರೀಕ್ಷೆಗೆ ಮೀರಿ ಒಪ್ಪವಾಗಿವೆಯಲ್ಲ ಎಂದು ಪ್ರಶ್ನೆಯೆತ್ತಿದನು. ಹಾಗೆ ಪ್ರಶ್ನಿಸುವುದು ಸಾಧ್ಯವಾದುದೂ ಅಂಕಿಗಳನ್ನು ಮುಚ್ಚಿಡದೆ ಕೊಟ್ಟಿದ್ದರಿಂದಲೇ.

ಕ್ರಮವಾಗಿ ಸಿದ್ಧಪಡಿಸಿದ ಪ್ರಬಂಧ ಕಾಯಬಲ್ಲುದು. ಓದುವವರು ಇಂದು ಇಲ್ಲದಿದ್ದರೆ ಮುಂದಿನ ತಲೆಮಾರಿನಲ್ಲಿ ಬರುತ್ತಾರೆ. ಅಕ್ರಮವಾಗಿ ಬರೆದುದಕ್ಕೆ ಆ ಭಾಗ್ಯವಿಲ್ಲ.

೪. ಸಂಪಾದಕರ ತಾಳ್ಮೆ

ರಾಮಾನುಜನ್ ಅವರಂಥ ಅಸಾಧಾರಣ ಪ್ರತಿಭೆಗೆ ಇಂಥ ಕ್ರಮದ ಹಂಗೇಕೆಂದು ಯಾರಾದರೂ ಕೇಳಬಹುದು. ಅವರ ಪ್ರಬಂಧಗಳ ಕಥೆ ಈ ಪ್ರಶ್ನೆಗೆ ತಕ್ಕ ಉತ್ತರ ಕೊಡುತ್ತದೆ. ಆ ಕಥೆಯಲ್ಲಿ ಬೆಂಗಳೂರಿಗೂ ಒಂದು ಪಾತ್ರವಿದೆ.

೧೯೧೧ರಲ್ಲಿ ರಾಮಾನುಜನ್‌ರಿಗೆ ಪದವಿಯೂ ಇರಲಿಲ್ಲ, ನೆಲೆಯಾದ ನೌಕರಿಯೂ ಇರಲಿಲ್ಲ. ಭಾರತೀಯ ಗಣಿತ ಸಂಘದ ಪತ್ರಿಕೆಗೆ ಬರ್ನೂಲಿ ಸಂಖ್ಯೆಗಳ ಗುಣಗಳನ್ನು ಕುರಿತ ಪ್ರಬಂಧವನ್ನು ಕಳುಹಿಸಿದರು. ಪತ್ರಿಕೆಯ ಸಂಪಾದಕರು ಬೆಂಗಳೂರು ಸೆಂಟ್ರಲ್ ಕಾಲೇಜಿನ ಗಣಿತಾಧ್ಯಾಪಕ ಎಂ. ಟಿ. ನಾರಾಯಣ ಅಯ್ಯಂಗಾರ್ಯರು. ಪ್ರಬಂಧದಲ್ಲಿ ಹೊಸತನವಿದ್ದಿತು, ಆದರೆ ಸ್ಪಷ್ಟತೆಯಿರಲಿಲ್ಲ. ನಡುವಿನ ಮೆಟ್ಟಲುಗಳನ್ನೆಲ್ಲ ಹಾರಿ ತುದಿಯಲ್ಲಿ ನಿಂತಂತಿತ್ತು. ಸಾಮಾನ್ಯ ಓದುಗನು ಹಿಂಬಾಲಿಸಲಾರನೆಂದು ಕಂಡ ಸಂಪಾದಕರು ಅದನ್ನು ತಿರಸ್ಕರಿಸಲಿಲ್ಲ, ಹಾಗೆಯೇ ಅಚ್ಚಿಗೂ ಕೊಡಲಿಲ್ಲ. ಹಸ್ತಪ್ರತಿಯು ಬೆಂಗಳೂರಿಗೂ ರಾಮಾನುಜನ್‌ರಿಗೂ ನಡುವೆ ಮತ್ತೆ ಮತ್ತೆ ಅಂಚೆಯಲ್ಲಿ ಓಡಾಡಿ ತಿದ್ದುಪಡಿಯಾಗಿ, ಆ ವರ್ಷವೇ ಪ್ರಕಟವಾಯಿತು. ಅದು ರಾಮಾನುಜನ್‌ರ ಮೊದಲ ಪ್ರಬಂಧ. ಸಂಪಾದಕರ ಈ ತಾಳ್ಮೆಯನ್ನು ಕನ್ನಡಿಗರು ನೆನೆಯುವುದು ಉಚಿತ.

೧೯೧೩ರ ಜನವರಿ ೧೬ರಂದು, ಮದರಾಸು ಬಂದರು ಕಚೇರಿಯ ಗುಮಾಸ್ತರಾಗಿದ್ದ ರಾಮಾನುಜನ್ ಕೇಂಬ್ರಿಜಿನ ಹಾರ್ಡಿಯವರಿಗೆ ಬರೆದ ಪತ್ರ ಪ್ರಸಿದ್ಧವಾಗಿದೆ. ಹಾರ್ಡಿಯವರ ಮೊದಲ ಉತ್ತರದ ಮುಖ್ಯ ಬೇಡಿಕೆ ಸಾಧನೆಗಳನ್ನು ಕಳುಹಿಸಬೇಕೆಂಬುದೇ ಆಗಿತ್ತು. ರಾಮಾನುಜನ್‌ರಾದರೋ ಕಾಗದಕ್ಕೆ ಹಣವಿಲ್ಲದೆ ಹಲಗೆಯ ಮೇಲೆ ಲೆಕ್ಕಮಾಡಿ ಒರಸಿ, ಉತ್ತರವನ್ನು ಮಾತ್ರ ನೋಟುಪುಸ್ತಕಕ್ಕೆ ಏರಿಸುತ್ತಿದ್ದವರು. ೧೯೨೦ರಲ್ಲಿ ಅವರು ಅಕಾಲದಲ್ಲಿ ತೀರಿಕೊಂಡ ಮೇಲೆ, ಆ ನೋಟುಪುಸ್ತಕಗಳ ಮೂರು ಸಾವಿರಕ್ಕೂ ಮಿಕ್ಕ ಫಲಗಳಿಗೆ ಸಾಧನೆಗಳನ್ನು ಒದಗಿಸುವುದಕ್ಕೆ ಅನೇಕ ಗಣಿತಜ್ಞರ ಆಯುಷ್ಯ ಸವೆಯಿತು. ಅಮೆರಿಕದ ಬ್ರೂಸ್ ಬರ್ನ್ಟ್ ಅವರ ಸಂಪಾದಿತ ಐದು ಸಂಪುಟಗಳು ೧೯೮೫ರಿಂದ ೧೯೯೮ರವರೆಗೆ ಹೊರಬಂದುವು. ರಾಮಾನುಜನ್‌ರಿಗೆ ಹೀಗೆ ದುಡಿಯುವವರು ದೊರೆತರು. ನಮ್ಮ ನಿಮ್ಮ ನೋಟುಪುಸ್ತಕಕ್ಕೆ ಹಾಗೆ ಯಾರೂ ಬರುವುದಿಲ್ಲ.

ತಾರೀಖಿನ ಬೆಲೆಯನ್ನು ತೋರಿಸುವ ಮತ್ತೊಂದು ಪ್ರಸಂಗವೂ ಬೆಂಗಳೂರಿಗೆ ಸಂಬಂಧಿಸಿದ್ದೇ. ಸಿ. ವಿ. ರಾಮನ್ ಅವರು ೧೯೨೮ರ ಫೆಬ್ರವರಿ ೨೮ರಂದು ಕಲ್ಕತ್ತೆಯಲ್ಲಿ ಹೊಸ ಬೆಳಕಿನ ಪರಿಣಾಮವನ್ನು ಸ್ಪಷ್ಟವಾಗಿ ಕಂಡರು. ಮಾರ್ಚ್ ೧೬ರಂದು ಬೆಂಗಳೂರಿನಲ್ಲಿ ದಕ್ಷಿಣ ಭಾರತ ವಿಜ್ಞಾನ ಸಂಘದ ಮುಂದೆ ಅದನ್ನು ವಿವರಿಸಿದರು. ಆ ಭಾಷಣ ಆ ತಿಂಗಳೊಳಗೇ ‘ಇಂಡಿಯನ್ ಜರ್ನಲ್ ಆಫ್ ಫಿಸಿಕ್ಸ್’ನಲ್ಲಿ ಅಚ್ಚಾಗಿ, ಪ್ರತ್ಯೇಕ ಪ್ರತಿಗಳು ಹೊರದೇಶಗಳ ವಿದ್ವಾಂಸರಿಗೆ ಹೋದುವು. ಅದೇ ವೇಳೆಗೆ ಮಾಸ್ಕೋ ನಗರದಲ್ಲಿ ಲಾಂಡ್ಸ್‌ಬರ್ಗ್ ಮತ್ತು ಮಾಂಡೆಲ್‌ಷ್ಟಾಮ್ ಎಂಬ ಇಬ್ಬರು ಹರಳುಗಳಲ್ಲಿ ಅದೇ ಪರಿಣಾಮವನ್ನು ಕಂಡಿದ್ದರು. ಆದರೆ ಅವರ ಪ್ರಬಂಧ ಪ್ರಕಟವಾದುದು ಆ ವರ್ಷದ ಜುಲೈ ತಿಂಗಳಲ್ಲಿ. ೧೯೩೦ರ ನೊಬೆಲ್ ಪಾರಿತೋಷಕ ರಾಮನ್‌ರೊಬ್ಬರಿಗೇ ಬಂತು. ಕಂಡುದನ್ನು ಬೇಗನೆ, ಅಚ್ಚುಕಟ್ಟಾಗಿ ಬರೆದು ಕಳುಹಿಸುವುದೂ ಸಂಶೋಧನೆಯ ಒಂದು ಭಾಗವೇ.

೫. ಪರೀಕ್ಷಕರು ಮತ್ತು ನಾಲ್ಕು ಅಂಗಗಳು

ಪ್ರಬಂಧವನ್ನು ಸಂಪಾದಕನೊಬ್ಬನೇ ತೂಗುವ ಪದ್ಧತಿ ಬಹುಕಾಲ ನಡೆಯಿತು. ೧೭೫೨ರಲ್ಲಿ ರಾಯಲ್ ಸೊಸೈಟಿಯು ಪತ್ರಿಕೆಯ ಹೊಣೆಯನ್ನು ತಾನೇ ವಹಿಸಿಕೊಂಡು, ಪ್ರಬಂಧಗಳನ್ನು ಆರಿಸಲು ಒಂದು ಸಮಿತಿಯನ್ನು ನೇಮಿಸಿತು. ೧೮೩೦ರ ದಶಕದಲ್ಲಿ ವಿಷಯ ಬಲ್ಲ ಸದಸ್ಯರಿಂದ ಲಿಖಿತ ಅಭಿಪ್ರಾಯವನ್ನು ಪಡೆಯುವ ರೂಢಿ ಬಂತು. ಆದರೂ ಇದು ಎಲ್ಲ ಪತ್ರಿಕೆಗಳ ನಿಯಮವಾದುದು ಇಪ್ಪತ್ತನೆಯ ಶತಮಾನದ ಉತ್ತರಾರ್ಧದಲ್ಲಿ. ೧೮೬೯ರಲ್ಲಿ ಹುಟ್ಟಿದ ‘ನೇಚರ್’ ಪತ್ರಿಕೆ ೧೯೭೩ರಲ್ಲಿ ಇದನ್ನು ಕಡ್ಡಾಯಮಾಡಿತು. ೧೯೩೬ರಲ್ಲಿ ಐನ್‌ಸ್ಟೈನ್ ಗುರುತ್ವದ ಅಲೆಗಳು ಇಲ್ಲವೆಂದು ವಾದಿಸುವ ಪ್ರಬಂಧವೊಂದನ್ನು ‘ಫಿಸಿಕಲ್ ರಿವ್ಯೂ’ಗೆ ಕಳುಹಿಸಿದಾಗ, ಸಂಪಾದಕನು ಅದನ್ನು ಪರೀಕ್ಷಕರೊಬ್ಬರಿಗೆ ತೋರಿಸಿ, ಅವರ ಆಕ್ಷೇಪಗಳೊಡನೆ ಮರಳಿಸಿದನು. ತನ್ನ ಅನುಮತಿಯಿಲ್ಲದೆ ಮತ್ತೊಬ್ಬರಿಗೆ ತೋರಿಸಿದ್ದಕ್ಕೆ ಐನ್‌ಸ್ಟೈನ್ ಕೋಪಗೊಂಡು ಪ್ರಬಂಧವನ್ನು ಹಿಂತೆಗೆದುಕೊಂಡನು. ಆದರೆ ೧೯೩೭ರಲ್ಲಿ ಅದು ಬೇರೊಂದು ಪತ್ರಿಕೆಯಲ್ಲಿ ಬರುವ ಹೊತ್ತಿಗೆ ಅದರ ತೀರ್ಮಾನ ಬದಲಾಗಿತ್ತು, ಆಕ್ಷೇಪದಲ್ಲಿ ಹುರುಳಿತ್ತು. ಐನ್‌ಸ್ಟೈನ್‌ಗೂ ಪರೀಕ್ಷಕನ ಕಣ್ಣು ಬೇಕಾಯಿತೆಂದರೆ, ನಮ್ಮ ಬರಹಕ್ಕೆ ಕೆಂಪು ಗೆರೆ ಬಿದ್ದಿತೆಂದು ಮುಖ ಬಾಡಿಸಬೇಕಾದುದಿಲ್ಲ. ಮಕ್ಕಳ ಪುಸ್ತಕಕ್ಕೆ ನಿತ್ಯವೂ ಕೆಂಪು ಗೆರೆ ಎಳೆಯುವ ನಮಗೆ ಇದನ್ನು ಬೇರೆ ಹೇಳಬೇಕೆ?

ಪೀಠಿಕೆ, ವಿಧಾನ, ಫಲಿತಾಂಶ, ಚರ್ಚೆ ಎಂಬ ಚತುರಂಗವೂ ನಾವೆಣಿಸುವಷ್ಟು ಹಳೆಯದಲ್ಲ. ದೊಡ್ಡ ವೈದ್ಯಕೀಯ ಪತ್ರಿಕೆಗಳಲ್ಲಿ ಅದು ೧೯೪೦ರ ದಶಕದಿಂದ ಹರಡತೊಡಗಿ, ೧೯೮೦ರ ದಶಕದ ವೇಳೆಗೆ ಏಕಮಾತ್ರ ರೂಪವಾಗಿ ನಿಂತಿತು. ಏಕೆ ಮಾಡಿದೆವು, ಹೇಗೆ ಮಾಡಿದೆವು, ಏನು ಕಂಡಿತು, ಅದರ ಅರ್ಥವೇನು ಎಂಬ ನಾಲ್ಕು ಪ್ರಶ್ನೆಗಳಿಗೆ ನಾಲ್ಕು ಉತ್ತರಗಳು ಅವು. ಕಂಡುದನ್ನೂ ಊಹಿಸಿದುದನ್ನೂ ಬೇರೆಬೇರೆ ಕಡೆ ಇಡುವುದೇ ಇದರ ಮುಖ್ಯ ಗುಣ. ೧೯೭೮ರಲ್ಲಿ ಕೆನಡಾದ ವ್ಯಾಂಕೂವರ್ ನಗರದಲ್ಲಿ ಕೆಲವು ವೈದ್ಯಕೀಯ ಸಂಪಾದಕರು ಸೇರಿ, ಹಸ್ತಪ್ರತಿಗಳಿಗೆ ಏಕರೂಪದ ನಿಯಮಗಳನ್ನು ಗೊತ್ತುಮಾಡಿದರು. ಒಂದು ಪತ್ರಿಕೆ ಒಲ್ಲೆನೆಂದಾಗ ಮತ್ತೊಂದಕ್ಕೆ ಕಳುಹಿಸುವ ಮುನ್ನ ಎಲ್ಲವನ್ನೂ ಪುನಃ ಬೆರಳಚ್ಚು ಮಾಡುವ ಕಷ್ಟ ತಪ್ಪಬೇಕೆಂಬುದು ಅದರ ಉದ್ದೇಶ. ನಿಯಮವು ಲೇಖಕನಿಗೆ ಉಪಕಾರವಾಗಿಯೇ ಹುಟ್ಟಿತೆಂಬುದು ಇದರಿಂದ ತಿಳಿಯುತ್ತದೆ.

೬. ನಮ್ಮ ನೆಲದ ಒಂದು ನಿದರ್ಶನ

ದೂರದ ದೇಶಗಳ ಕಥೆ ಸಾಕು. ಕಾಸರಗೋಡು ಜಿಲ್ಲೆಯ ಗೇರುತೋಟಗಳ ಮೇಲೆ ಎಂಡೋಸಲ್ಫಾನ್ ಎಂಬ ಕೀಟನಾಶಕವನ್ನು ಇಪ್ಪತ್ತಕ್ಕೂ ಹೆಚ್ಚು ವರ್ಷ ಆಕಾಶದಿಂದ ಸಿಂಪಡಿಸಿದರು. ಅದು ನಿಂತುದು ೨೦೦೦ದಲ್ಲಿ. ಗುಡ್ಡದ ತಪ್ಪಲಿನ ಊರುಗಳಲ್ಲಿ, ವಿಶೇಷವಾಗಿ ಕನ್ನಡಿಗರು ಬಹಳವಾಗಿರುವ ಎಣ್ಮಕಜೆಯ ಪಡ್ರೆಯಲ್ಲಿ, ಮಕ್ಕಳಲ್ಲಿ ಕಾಣುತ್ತಿದ್ದ ರೋಗಗಳನ್ನು ಜನ ಗಮನಿಸಿದರು. ಊರಿನ ವೈದ್ಯರೂ ಬರಹಗಾರರೂ ದನಿಯೆತ್ತಿದರು. ಆದರೆ ಹಳ್ಳಿಯವರ ಮಾತಿಗೆ ಆಧಾರವೇನೆಂಬ ಪ್ರಶ್ನೆ ಎಲ್ಲೆಡೆಯಿಂದಲೂ ಬರುತ್ತಿತ್ತು.

ಅಹಮದಾಬಾದಿನ ರಾಷ್ಟ್ರೀಯ ವೃತ್ತಿ ಆರೋಗ್ಯ ಸಂಸ್ಥೆಯವರು ಬಂದು ಪರೀಕ್ಷೆ ನಡೆಸಿದರು. ಆ ತಂಡದ ಪ್ರಬಂಧ ೨೦೦೩ರಲ್ಲಿ ‘ಎನ್ವಿರಾನ್‌ಮೆಂಟಲ್ ಹೆಲ್ತ್ ಪರ್‌ಸ್ಪೆಕ್ಟಿವ್ಸ್’ ಎಂಬ ಅಂತರರಾಷ್ಟ್ರೀಯ ಪತ್ರಿಕೆಯಲ್ಲಿ ಬಂತು. ಸಿಂಪರಣೆಗೆ ಒಳಗಾದ ಊರಿನ ೧೧೭ ಶಾಲಾಬಾಲಕರನ್ನು, ಸಿಂಪರಣೆಯಿಲ್ಲದ ಮತ್ತೊಂದು ಊರಿನ ೯೦ ಬಾಲಕರೊಡನೆ ಹೋಲಿಸಿದ್ದರು. ಎಲ್ಲರೂ ೧೦ರಿಂದ ೧೯ರ ವಯಸ್ಸಿನವರು. ಎರಡನೆಯ ಗುಂಪು ಇಲ್ಲದಿದ್ದರೆ, ಮಕ್ಕಳು ಎಲ್ಲೆಡೆಯೂ ಹೀಗೆಯೇ ಇರುತ್ತಾರೆಂದು ಯಾರಾದರೂ ಹೇಳಿಬಿಡಬಹುದಾಗಿತ್ತು. ಆ ವಿಷವು ಬಾಲಕರ ಪ್ರಾಯದ ಬೆಳವಣಿಗೆಯನ್ನು ತಡೆಯುತ್ತಿರಬಹುದು, ದೇಹದ ಹಾರ್ಮೋನುಗಳಿಗೆ ಅಡ್ಡಿಮಾಡುತ್ತಿರಬಹುದು ಎಂಬುದು ಅವರ ತೀರ್ಮಾನ. ‘ಬಹುದು’ ಎಂಬ ಮಾತನ್ನು ಗಮನಿಸಬೇಕು. ಪರೀಕ್ಷೆಗೆ ಒಳಪಟ್ಟವರ ಸಂಖ್ಯೆ ಚಿಕ್ಕದೆಂಬುದನ್ನೂ, ಕೆಲವರು ಪರೀಕ್ಷೆಗೆ ಒಪ್ಪಲಿಲ್ಲವೆಂಬುದನ್ನೂ ಅವರೇ ಬರೆದರು. ಅನಂತರ ಪತ್ರಿಕೆಯಲ್ಲಿ ಆಕ್ಷೇಪದ ಪತ್ರಗಳು ಬಂದಾಗ, ಲೇಖಕರು ಉತ್ತರ ಕೊಟ್ಟರು. ೨೦೧೧ರಲ್ಲಿ ಸ್ಟಾಕ್‌ಹೋಮ್ ಒಪ್ಪಂದದ ರಾಷ್ಟ್ರಗಳು ಎಂಡೋಸಲ್ಫಾನನ್ನು ತ್ಯಜಿಸಬೇಕಾದ ವಿಷಗಳ ಪಟ್ಟಿಗೆ ಸೇರಿಸಿದುವು. ಅದೇ ವರ್ಷ ನಮ್ಮ ಸುಪ್ರೀಂ ಕೋರ್ಟು ದೇಶದಲ್ಲಿ ಅದನ್ನು ನಿಷೇಧಿಸಿತು.

ಇಷ್ಟಕ್ಕೂ ಒಂದು ಪ್ರಬಂಧವೇ ಕಾರಣವೆಂದು ನಾವು ಹೇಳುವುದಿಲ್ಲ. ಜನರ ಹೋರಾಟವೇ ಮುಖ್ಯ. ಆದರೆ ಊರಿನ ನೋವು ದೂರದ ಸಭೆಗಳ ಮೇಜನ್ನು ತಲಪುವುದಕ್ಕೆ ಇಂ‌ಥ ಕಾಗದ ಬೇಕಾಗುತ್ತದೆ. ಹಳ್ಳಿಯ ಕಣ್ಣು ಮೊದಲು ಕಂಡಿತು. ಕ್ರಮಬದ್ಧವಾದ ಬರಹ ಅದಕ್ಕೆ ನಾಲಗೆಯನ್ನು ಕೊಟ್ಟಿತು. ಪರೀಕ್ಷೆಗೆ ಒಳಪಟ್ಟವರು ಶಾಲೆಯ ಮಕ್ಕಳು. ಅವರನ್ನು ದಿನವೂ ನೋಡುವವರು ನಾವು.

೭. ಸಿದ್ಧತೆಯ ಕ್ರಮ

ಈ ಚರಿತ್ರೆಯಿಂದ ಹೊರಡುವ ಕೆಲವು ಸೂಚನೆಗಳನ್ನು ಸಂಗ್ರಹವಾಗಿ ಇಲ್ಲಿ ಕೊಡುತ್ತೇವೆ.

ಮೊದಲು ಪತ್ರಿಕೆಯನ್ನು ಆರಿಸಿಕೊಳ್ಳಬೇಕು, ಅನಂತರ ಬರೆಯಬೇಕು. ಆ ಪತ್ರಿಕೆ ಲೇಖಕರಿಗೆ ಕೊಟ್ಟಿರುವ ಸೂಚನೆಗಳನ್ನೂ ಅದರಲ್ಲಿ ಬಂದ ಎರಡು ಮೂರು ಪ್ರಬಂಧಗಳನ್ನೂ ಮುಂದಿಟ್ಟುಕೊಳ್ಳಬೇಕು. ೧೯೩೨ರಿಂದ ಬೆಂಗಳೂರಿನಿಂದ ಬರುತ್ತಿರುವ ‘ಕರೆಂಟ್ ಸೈನ್ಸ್’, ರಾಮನ್‌ರು ೧೯೩೪ರಲ್ಲಿ ಸ್ಥಾಪಿಸಿದ ಭಾರತೀಯ ವಿಜ್ಞಾನ ಅಕಾಡೆಮಿಯು ವಿಜ್ಞಾನ ಶಿಕ್ಷಣಕ್ಕೆಂದೇ ೧೯೯೬ರಲ್ಲಿ ಪ್ರಾರಂಭಿಸಿದ ‘ರೆಸೊನೆನ್ಸ್’ ಇವು ಶಿಕ್ಷಕರು ಓದಿ ಪರಿಚಯಮಾಡಿಕೊಳ್ಳಬೇಕಾದ ಪತ್ರಿಕೆಗಳು. ಹಣವನ್ನು ಕೇಳಿ, ಪರೀಕ್ಷೆಯಿಲ್ಲದೆ ವಾರದೊಳಗೆ ಪ್ರಕಟಿಸುವೆವೆನ್ನುವ ಪತ್ರಿಕೆಗಳು ಈಗ ಬಹಳ ಇವೆ. ಅವುಗಳಿಂದ ದೂರವಿರುವುದು ಲೇಸು.

ಬರೆಯುವಾಗ ಪೀಠಿಕೆಯಿಂದಲೇ ಪ್ರಾರಂಭಿಸಬೇಕೆಂದಿಲ್ಲ. ಮೊದಲು ಕೋಷ್ಟಕಗಳನ್ನೂ ಚಿತ್ರಗಳನ್ನೂ ಸಿದ್ಧಪಡಿಸಿ, ಬಳಿಕ ವಿಧಾನವನ್ನೂ ಫಲಿತಾಂಶವನ್ನೂ ಬರೆದು, ಆಮೇಲೆ ಚರ್ಚೆ, ಪೀಠಿಕೆಗಳನ್ನು ಸೇರಿಸುವುದು ಸುಲಭ. ಸಾರಾಂಶವನ್ನು ಕಡೆಗೆ ಬರೆಯಬೇಕು. ಕೋಷ್ಟಕಕ್ಕೂ ಚಿತ್ರಕ್ಕೂ ಸಂಖ್ಯೆ ಮತ್ತು ಶೀರ್ಷಿಕೆ ಇರಬೇಕು. ಮಳೆ ಮಿಲಿಮೀಟರಿನಲ್ಲಿಯೋ ಇಂಚಿನಲ್ಲಿಯೋ ಎಂಬುದನ್ನು ಕಾಣಿಸಬೇಕು. ಗಿಡದ ಹೆಸರನ್ನು ಕೊಡುವಾಗ ಊರಿನ ಹೆಸರಿನೊಡನೆ ಸಸ್ಯಶಾಸ್ತ್ರದ ದ್ವಿನಾಮವೂ ಇರಬೇಕು. ಒಂದೇ ಹೆಸರಿನ ಎರಡು ಗಿಡಗಳು ನಮ್ಮ ಸೀಮೆಯಲ್ಲಿ ಬೇಕಾದಷ್ಟಿವೆ. ಶೀರ್ಷಿಕೆಯಲ್ಲಿ ವಿಷಯ, ಸ್ಥಳ ಎರಡೂ ಕಾಣುವಂತಿರಲಿ. ಮೆಂಡಲರ ಶೀರ್ಷಿಕೆಯನ್ನು ನೆನೆಯುವುದು. ಆಧಾರಸೂಚಿಯಲ್ಲಿ ನಾವು ನಿಜವಾಗಿ ಓದಿದುದನ್ನು ಮಾತ್ರ, ಪತ್ರಿಕೆ ಕೇಳುವ ಒಂದೇ ಕ್ರಮದಲ್ಲಿ ಕೊಡಬೇಕು. ಮಾಹಿತಿ ಕೊಟ್ಟ ಹಳ್ಳಿಯ ಹಿರಿಯರಿಗೆ, ಅವರ ಒಪ್ಪಿಗೆ ಪಡೆದು, ಕೃತಜ್ಞತೆ ಹೇಳಬೇಕು. ಮಕ್ಕಳನ್ನು ಕುರಿತ ಅಧ್ಯಯನಕ್ಕೆ ಪೋಷಕರ ಲಿಖಿತ ಒಪ್ಪಿಗೆ ಇಲ್ಲದೆ ಕೈಹಾಕಬಾರದು.

ಕಾಗದದ ಒಂದೇ ಮಗ್ಗುಲಲ್ಲಿ, ಸಾಲುಗಳ ನಡುವೆ ಎಡೆಬಿಟ್ಟು ಬರೆಯಬೇಕೆಂಬ ಹಳೆಯ ನಿಯಮ ಮೊಳೆ ಜೋಡಿಸುವವರ ಮತ್ತು ತಿದ್ದುವವರ ಸೌಕರ್ಯಕ್ಕಾಗಿ ಬಂದದ್ದು. ಈಗ ಕಂಪ್ಯೂಟರಿನ ಕಾಲ. ಆದರೂ ಸಾಲಿನ ಎಡೆಯನ್ನೂ ಸಾಲುಸಂಖ್ಯೆಯನ್ನೂ ಕೇಳುವ ಪತ್ರಿಕೆಗಳಿವೆ. ಪರೀಕ್ಷಕರು ಇಂಥ ಸಾಲಿನಲ್ಲಿ ಇಂಥ ದೋಷವೆಂದು ತೋರಿಸಲು ಅದು ಬೇಕು. ಕನ್ನಡದಲ್ಲಿ ಬರೆಯುವವರು ಯೂನಿಕೋಡ್ ಲಿಪಿಯಲ್ಲಿಯೇ ಬರೆಯಬೇಕು. ಹಳೆಯ ಅಕ್ಷರಶೈಲಿಗಳಲ್ಲಿ ಬರೆದುದು ಮತ್ತೊಬ್ಬರ ಯಂತ್ರದಲ್ಲಿ ತೆರೆದಾಗ ಗೆಲಿಲಿಯೊನ ಒಗಟಿಗಿಂತಲೂ ಕಠಿನವಾಗಿ ಕಾಣುವುದುಂಟು. ಕೊನೆಯದಾಗಿ, ವಿಷಯವನ್ನರಿಯದ ಒಬ್ಬ ಸಹೋದ್ಯೋಗಿಗೆ ಓದಲು ಕೊಟ್ಟು, ಅವರು ಎಡವಿದಲ್ಲೆಲ್ಲ ತಿದ್ದಿ, ಆಮೇಲೆ ಕಳುಹಿಸಬೇಕು. ಪರೀಕ್ಷಕರ ಪ್ರತಿಯೊಂದು ಆಕ್ಷೇಪಕ್ಕೂ ಒಂದೊಂದಾಗಿ, ವಿನಯದಿಂದ, ಉತ್ತರ ಬರೆಯಬೇಕು. ಒಪ್ಪದಿರುವಲ್ಲಿ ಕಾರಣ ಕೊಟ್ಟು ಒಪ್ಪದಿರುವುದೂ ವಿನಯಕ್ಕೆ ವಿರೋಧವಲ್ಲ.

ನಮ್ಮ ಮಂಜೇಶ್ವರದ ಗೋವಿಂದ ಪೈಗಳು ಯಾವ ವಿಶ್ವವಿದ್ಯಾಲಯದ ಆಶ್ರಯವೂ ಇಲ್ಲದೆ, ಈ ಗಡಿಯ ಊರಿನಲ್ಲಿಯೇ ಇದ್ದುಕೊಂಡು, ಇತಿಹಾಸದ ಕಾಲನಿರ್ಣಯದಲ್ಲಿ ತಾರೀಖಿಗೂ ಆಧಾರಕ್ಕೂ ಕೊಟ್ಟ ಬೆಲೆಯನ್ನು ನಾವೆಲ್ಲ ಬಲ್ಲೆವು. ಅವರ ವಿಷಯ ಚರಿತ್ರೆ. ನಿಮ್ಮ ವಿಷಯ ಮಳೆಯೋ ಮಣ್ಣೋ ಗಿಡವೋ ಆಗಬಹುದು. ಎರಡಕ್ಕೂ ಬೇಕಾದ ಶಿಸ್ತು ಒಂದೇ. ನಮ್ಮ ಸಂಘದ ಸದಸ್ಯರಲ್ಲಿ ಯಾರ ಮನೆಯಲ್ಲಿ ಹತ್ತು ವರ್ಷಗಳ ಮಳೆಯ ಲೆಕ್ಕವಿದೆಯೋ, ಯಾರ ಬಳಿ ಗಿಡಗಳ ಹೆಸರಿನ ಪಟ್ಟಿಯಿದೆಯೋ, ಅವರು ಅದನ್ನು ಈ ವರ್ಷವೇ ಹೊರತೆಗೆದು, ಮೊದಲ ಕೋಷ್ಟಕವನ್ನು ಸಿದ್ಧಪಡಿಸಲೆಂದು ಕೋರುತ್ತೇವೆ. ಪ್ರಬಂಧದ ಉಳಿದ ಅಂಗಗಳು ಅದರ ಸುತ್ತ ತಾವಾಗಿ ಕೂಡಿಕೊಳ್ಳುತ್ತವೆ.